ಅಪ್ಪನ ನಡಿಗೆಗೊಂದು ಓಣಿ

ಇವತ್ತು ಬೆಳಿಗ್ಗೆ ಪೇಪರಿನ ಮಡಿಕೆಯಿಂದ ಒಂದು ಬಣ್ಣದ ಹಾಳೆ ಜಾರಿ ನನ್ನ ಚಹಾದಲ್ಲಿ ಬಿತ್ತು. ಗೋಕಾಕದ ಹೊರಗೆ ಹೊಸ ಬಡಾವಣೆ. ಸಂಸಾರಸ್ಥರಿಗೆ ಹೇಳಿಮಾಡಿಸಿದ ಜಾಗ, ಶಾಂತ ಪರಿಸರ, ಬಸ್‌ಸ್ಟ್ಯಾಂಡಿಗೆ ಐದೇ ನಿಮಿಷ. ಆ ಐದು ನಿಮಿಷದ ಬಗ್ಗೆ ನಿಮಗೆ ಹೇಳಲೇಬೇಕು. ಅಂಥದ್ದೇ ಒಂದು ಜಾಗದಲ್ಲಿ ನಾನು ಐದು ತಿಂಗಳು ಸಂಸಾರ ಮಾಡಿದ್ದೇನೆ.

ಆಗ ನನ್ನ ನೌಕರಿ ಮೂಡಲಗಿಯಲ್ಲಿ, ಹೆಂಡತಿ ಕಸ್ತೂರಿಯದು ಹುಕ್ಕೇರಿಯ ಸಾಲಿಯಲ್ಲಿ ಕಲಿಸುವ ಕೆಲಸ. ದಿನಾ ಬೆಳಿಗ್ಗೆ ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ. ನಡುವೆ ಗೋಕಾಕ. ಅವ್ವ ತೀರಿಕೊಂಡ ಮೇಲೆ ಕುಲಗೋಡದಿಂದ ಅಪ್ಪನೂ ನಮ್ಮ ಜೊತೆ ಇರಲು ಬಂದ. ಜೀವಮಾನವೆಲ್ಲ ಹೊಲದ ಬದುವಿನ ಮೇಲೆ ನಡೆದವನು. ದಿನಕ್ಕೆ ಎರಡು ಸಲ ನಡೆಯದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಇತ್ತೀಚೆಗೆ ಉಂಡದ್ದೇ ಮರೆಯುತ್ತಿದ್ದ.

ನಾನು ಶಿಸ್ತಿನ ಮನುಷ್ಯ. ಧೂಳಿಲ್ಲದ ರಸ್ತೆ, ಗದ್ದಲವಿಲ್ಲದ ನೆರೆಹೊರೆ, ಹತ್ತಿರದಲ್ಲಿ ಬಸ್ಸು ಎಂದು ಬೇಕಾದದ್ದೆಲ್ಲ ಬರೆದುಕೊಂಡು ಏಜೆಂಟನ ಹಿಂದೆ ಓಡಾಡಿದೆ. ಅವನು ತೋರಿಸಿದ ಬಡಾವಣೆಯಿಂದ ಬಸ್‌ಸ್ಟ್ಯಾಂಡಿಗೆ ಐದು ನಿಮಿಷ ಅಂದರೆ ಮೋಟರ್‌ಸೈಕಲ್ಲಿನ ಮೇಲೆ.

"ನಡಕೊಂಡು ಹ್ವಾದ್ರ?"

"ನಡಕೊಂಡು ಈಗ ಯಾರು ಹೊಕ್ಕಾರ್ರಿ?"

ಮನೆ ಬಾಡಿಗೆಗೆ ಹಿಡಿದೆ. ಎಲ್ಲ ಮನೆಗೂ ಒಂದೇ ಹಳದಿ ಬಣ್ಣ, ಒಂದೇ ತರಹದ ಗೇಟು. ಪಕ್ಕದ ಮನೆಯವರನ್ನು ಐದು ತಿಂಗಳಲ್ಲಿ ಎರಡು ಸಲ ನೋಡಿದೆ, ಎರಡನೆಯ ಸಲ ಕಿಟಕಿಯಿಂದ. ನಾವಿಬ್ಬರೂ ನೌಕರಿಗೆ ಹೋದರೆ ಅಪ್ಪ ಒಬ್ಬನೇ.

ಒಂದು ಶನಿವಾರ ಮಧ್ಯಾಹ್ನ, ಅರ್ಧ ದಿನದ ಸಾಲಿ ಮುಗಿಸಿ ಮನೆಗೆ ಬಂದ ಕಸ್ತೂರಿ ಫೋನ್ ಮಾಡಿದಳು. "ಅಪ್ಪಾರು ಮನ್ಯಾಗಿಲ್ರಿ. ಬಾಗಲಾ ತಗದೈತಿ. ಲಗೂ ಬರ್ರಿ."

ನಾನು ಬಂದು ಮುಟ್ಟುವಷ್ಟರಲ್ಲಿ ಅವಳು ಬಡಾವಣೆಯನ್ನು ಮೂರು ಸಲ ಸುತ್ತಿದ್ದಳು. ಕೇಳೋಣವೆಂದರೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಗಂಟೆ ಒತ್ತಿದ ಮನೆಗಳಲ್ಲಿ "ನಾವು ನೋಡಿಲ್ರಿ" ಎಂದು ಬಾಗಿಲು ಹಾಕಿಕೊಂಡರು. ಹೊತ್ತು ಇಳಿಯುತ್ತಿತ್ತು. ನಾನು ದೇವರ ಹೆಸರು ಹೇಳಲು ಸುರುಮಾಡಿದೆ. ಅಭ್ಯಾಸವಿಲ್ಲದ್ದರಿಂದ ಯಾವ ದೇವರೆಂದು ತಿಳಿಯಲಿಲ್ಲ.

ಕೊನೆಗೆ ಅಪ್ಪ ಸಿಕ್ಕಿದ್ದು ಅರ್ಧ ಕಟ್ಟಿದ ಒಂದು ಮನೆಯಲ್ಲಿ. ಪೈಪು ಹಿಡಿದು ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದ. ಮೊಳಕಾಲಿನವರೆಗೆ ಧೋತರ ತೊಯ್ದಿತ್ತು. ಗೋಡೆ ಕಟ್ಟುವ ಗೌಂಡಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಚಹಾ ಕುಡಿಯುತ್ತಿದ್ದ.

"ಮಾಲಕರ ತಂದಿ ಅಂತ ತಿಳದಿದ್ದೆವ್ರಿ," ಎಂದ ಅವನು. "ನೀರು ಮಾತ್ರ ಚಲೋ ಹೊಡದಾರ."

ಅಪ್ಪ ನನ್ನನ್ನು ನೋಡಿ ಬೇಜಾರಿನಿಂದ ಹೇಳಿದ: "ನಮ್ಮ ಮನಿ ಇನ್ನೂ ಮುಗದಿಲ್ಲೋ ತಮ್ಮಾ. ಇವತ್ತ ಎಲ್ಲಿ ಮಲಗೂದು?"

ನಾನು ಅವನ ಕೈಯಿಂದ ಪೈಪು ತೆಗೆದುಕೊಂಡೆ. ಗೌಂಡಿಗೆ ಗೋಡೆ ಚೆನ್ನಾಗಿದೆ ಎಂದೆ. ಹೊರಳಿ ಬರುವಾಗ ಅಪ್ಪ ಮುಂದೆ ನಡೆದು ನಮ್ಮ ಗೇಟನ್ನು ದಾಟಿಕೊಂಡು ಹೋದ. ಹಿಂದಿದ್ದ ನಾನೂ ದಾಟಿಕೊಂಡು ಹೋದೆ. ಕಸ್ತೂರಿ ಗೇಟಿನಲ್ಲಿ ನಿಂತು ಇಬ್ಬರನ್ನೂ ಕೂಗಿ ಕರೆದಳು.

ಮರುದಿನ ಅವಳು ಹೇಳಿದಳು: "ಈ ಸಲ ಮನಿ ನಾ ಹುಡಕತೇನಿ. ನೀವು ಸುಮ್ಮನ ಬರ್ರಿ."

ಅವಳು ಏನೂ ಬರೆದುಕೊಳ್ಳಲಿಲ್ಲ. ಊರೊಳಗಿನ ಹಳೆಯ ಓಣಿಗಳಲ್ಲಿ ಅಪ್ಪನನ್ನು ಮುಂದೆ ಬಿಟ್ಟು ನಾವು ಹತ್ತು ಹೆಜ್ಜೆ ಹಿಂದೆ ನಡೆದೆವು. ಮೂರು ಓಣಿಗಳಲ್ಲಿ ಯಾರೂ ಅವನನ್ನು ಮಾತಾಡಿಸಲಿಲ್ಲ. ನಾಲ್ಕನೆಯದರಲ್ಲಿ ಕಟ್ಟೆಯ ಮೇಲೆ ಮೆಂತ್ಯೆಸೊಪ್ಪು ಮಾರುತ್ತ ಕೂತಿದ್ದ ಹೆಂಗಸು ಕೂಗಿದಳು: "ಯಾವೂರೋ ಯಜ್ಜಾ? ಯಾರ ಮನಿಗೆ ಬಂದಿ?"

ಅಪ್ಪ ನಿಂತ. ಕುಲಗೋಡ ಎಂದ. ಆಮೇಲೆ ಅವಳ ಬಾಜೂ ಕೂತು, ಎಂದೋ ಮಾರಿದ್ದ ಒಂದು ಎತ್ತಿನ ಸುದ್ದಿ ತೆಗೆದ.

"ಇಲ್ಲೇ ಇರೂಣು," ಎಂದಳು ಕಸ್ತೂರಿ.

"ಇಲ್ಲಿ ಖಾಲಿ ಮನಿ ಐತೋ ಇಲ್ಲೋ?"

"ಕೇಳಿದ್ರಾತು."

ಇತ್ತು. ಎರಡು ಖೋಲಿ, ಪಕ್ಕದಲ್ಲಿ ಹಿಟ್ಟಿನ ಗಿರಣಿ. ಒಗೆದು ಹಾಕಿದ ಅರಿವೆಯ ಮೇಲೆ ಊರಿನವರ ಜೋಳದ ಹಿಟ್ಟೆಲ್ಲ ಕೂರುತ್ತಿತ್ತು. ಬಸ್‌ಸ್ಟ್ಯಾಂಡು ಹತ್ತು ನಿಮಿಷ, ಕಾಲ್ನಡಿಗೆಯಲ್ಲಿ.

ಆ ಓಣಿಯಲ್ಲಿ ಅಪ್ಪ ಮೂರು ವರ್ಷ ನಡೆದ. ಹೆಚ್ಚುಕಡಿಮೆ ದಿನಾ ದಾರಿ ತಪ್ಪಿದ. ದಿನಾ ಯಾರಾದರೊಬ್ಬರು ಕರೆತಂದರು. ಟೇಲರ್, ಗಿರಣಿಯವರು, ಸಾಲಿ ಬಿಟ್ಟು ಬರುವ ಹುಡುಗಿಯರು. "ತಗೋರಿ ನಿಮ್ಮ ಅಪ್ಪಾರ್ನ," ಎಂದು ಒಳಗೆ ಬಿಟ್ಟು ಹೋಗುವವರನ್ನು ಅಪ್ಪ ಬೀಗರೆಂದು ತಿಳಿದು, ಚಹಾ ಕುಡಿಯದೆ ಹೋಗಬಾರದೆಂದು ಹಟ ಹಿಡಿಯುತ್ತಿದ್ದ. ಕಳೆದ ಚಳಿಗಾಲ ನಿದ್ದೆಯಲ್ಲೇ ತೀರಿಕೊಂಡ.

ಈಗ ಕಸ್ತೂರಿಗೆ ಗೋಕಾಕಕ್ಕೇ ವರ್ಗವಾಗಿದೆ. ಹಿಟ್ಟು ಬೀಳದ ಮನೆಗೆ ಹೋಗಬಹುದು. ಇಬ್ಬರೂ ಆ ಮಾತು ತೆಗೆದಿಲ್ಲ.

ಇವತ್ತು ಬಸ್ಸಿಗೆ ಹೊರಟಾಗ ಸೊಪ್ಪಿನವಳು ನನ್ನನ್ನು ನಿಲ್ಲಿಸಿದಳು. "ಸರ, ನಿಮ್ಮ ಅಪ್ಪಾರು ನನ್ನ ಮುಂದ ಏನಂತಿದ್ರು ಗೊತ್ತೈತೇನ್ರಿ? ನನ್ನ ಮಗಗ ಏನೂ ತಿಳಿಯೂದಿಲ್ಲ, ಆದ್ರ ಮನಿ ಮಾತ್ರ ಚಲೋದ ಹುಡಕ್ಯಾನ, ಅಂತಿದ್ರು."

ಹುಡುಕಿದ್ದು ನಾನಲ್ಲ ಎಂದು ಹೇಳಬೇಕಿತ್ತು. ಬುಟ್ಟಿ ಸರಿಸಿ ಅವಳ ಕಟ್ಟೆಯ ಮೇಲೆ ಕೂತೆ.

"ಮತ್ತೇನಂತಿದ್ದಾ?" ಎಂದು ಕೇಳಿದೆ.

ಮೂಡಲಗಿಯ ಬಸ್ಸು ತನ್ನ ಪಾಡಿಗೆ ಹೋಯಿತು.