ಸತ್ಯಭಾಮಾ ಅಪ್ಪಯ್ಯನಿಗೆ ಓದಿ ಹೇಳಿದ ಕಥೆಗಳು

ಡೊಂಬಿವಲಿ ಪೂರ್ವದ ಒಂದು ಹಳೇ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಸತ್ಯಭಾಮಾ ತನ್ನ ಅಪ್ಪಯ್ಯನ ಜೊತೆ ಇದ್ದಳು. ವಯಸ್ಸು ನಲವತ್ತಾರು, ಮದುವೆಯಾಗಿರಲಿಲ್ಲ. ಠಾಣೆಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲಾರಿಗಳ ರಶೀದಿ ಟೈಪ್ ಮಾಡುವ ಕೆಲಸ. ಆಫೀಸಿನಲ್ಲಿ ಅವಳ ಬಗ್ಗೆ ಕೇಳಿದರೆ ಯಾರೂ ಒಂದು ಕೆಟ್ಟ ಮಾತು ಹೇಳುತ್ತಿರಲಿಲ್ಲ. ಒಳ್ಳೆಯ ಮಾತು ಹೇಳಿ ಎಂದರೆ ಅದೂ ಯಾರಿಗೂ ತಕ್ಷಣಕ್ಕೆ ಹೊಳೆಯುತ್ತಿರಲಿಲ್ಲ.

ಅಪ್ಪಯ್ಯನ ಹೆಸರು ಭುಜಂಗ. ಕುಂದಾಪುರದ ಕಡೆಯಿಂದ ಬಂದು, ಕಪ್ಪು-ಸಾಸರು ತೊಳೆಯುವುದರಿಂದ ಶುರುಮಾಡಿ, ಕಲ್ಯಾಣ ಸ್ಟೇಷನ್ನಿನ ಬಳಿಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ಮ್ಯಾನೇಜರಾಗಿದ್ದವನು. ಹೋಟೆಲಿನಲ್ಲಿ ಅವನಿಗೆ ಹೆದರದವರಿರಲಿಲ್ಲ. ಪ್ಲೇಟು ಒಡೆದವನು ಆ ಚೂರುಗಳನ್ನು ಚಡ್ಡಿಯ ಕಿಸೆಯಲ್ಲಿಟ್ಟುಕೊಂಡೇ ಸಂಜೆಯವರೆಗೆ ಕೆಲಸ ಮಾಡಬೇಕು. ಅದು ಅವನ ಕಾನೂನು. ಮನೆಯಲ್ಲೂ ಅವನದೇ ಕಾನೂನು.

ಸತ್ಯಭಾಮಾ ಆರನೇ ಕ್ಲಾಸಿನಲ್ಲಿದ್ದಾಗ ಕನ್ನಡ ಶಾಲೆಯಲ್ಲಿ ಪ್ರಬಂಧಕ್ಕೆ ಮೊದಲ ಬಹುಮಾನ ಬಂತು. ಬಹುಮಾನವೆಂದರೆ ಒಂದು ಕಥೆ ಪುಸ್ತಕ. ಬಾವಿಯ ಮೆಟ್ಟಿಲಿಳಿದು ಹೋದ ಹುಡುಗಿಯೊಬ್ಬಳಿಗೆ ನೀರಿನ ತಳದಲ್ಲಿ ಇಡೀ ಒಂದು ಪೇಟೆ ಸಿಗುತ್ತದೆ. ಅಲ್ಲಿ ಮೀನುಗಳು ಟಪಾಲು ಹಂಚುತ್ತವೆ. ಮೂರು ದಿನ ಸತ್ಯಭಾಮಾ ಆ ಪೇಟೆ ಬಿಟ್ಟು ಹೊರಗೆ ಬರಲಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಅಪ್ಪಯ್ಯ ಬೈಯಲಿಲ್ಲ, ಹೊಡೆಯಲಿಲ್ಲ. ಮಾರನೇ ದಿನ ಅವಳನ್ನು ಪುಸ್ತಕದ ಸಮೇತ ಹೋಟೆಲಿಗೆ ಕರೆದುಕೊಂಡು ಹೋದ. ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, "ಹರಿ" ಎಂದ. "ಒಂದೊಂದು ಹಾಳೆ ನಾಲ್ಕು ತುಂಡು ಮಾಡು. ಸರಿಯಾಗಿ ಮಡಚಿ ಹರಿ."

ಅವಳು ಹರಿದಳು. ಆ ತುಂಡುಗಳನ್ನು ಅವನು ಗೋಡೆಯ ಮೊಳೆಗೆ ಚುಚ್ಚಿದ. ಬಟಾಟೆವಡೆ ತಿಂದ ಗಿರಾಕಿಗಳು ಒಂದೊಂದೇ ಎಳೆದುಕೊಂಡು ಕೈಯ ಎಣ್ಣೆ ಒರೆಸಿ ಎಸೆದರು. ಮಧ್ಯಾಹ್ನದೊಳಗೆ ಪುಸ್ತಕ ಮುಗಿಯಿತು. ಅವಳು ಇನ್ನೂ ಓದದೇ ಇದ್ದ ಇಪ್ಪತ್ತು ಪುಟಗಳೂ ಅದರಲ್ಲಿದ್ದವು.

"ಮೀನು ಟಪಾಲು ಹಂಚ್ತದಂತೆ!" ಎಂದು ಅವನು ಗಿರಾಕಿಗಳಿಗೆ ಹೇಳಿ ನಗಿಸಿದ. "ನಮ್ಮಲ್ಲಿ ಮೀನು ಬಾಣಲೆಯಲ್ಲಿ ಹುರೀತದೆ, ಅಷ್ಟೇ."

ಹತ್ತನೇ ಕ್ಲಾಸಿಗೆ ಶಾಲೆ ಬಿಡಿಸಿದ. ಗಂಡಿನ ಕಡೆಯವರು ಬಂದಾಗ, ಹುಡುಗಿ ಸ್ವಲ್ಪ ಕನಸಿನಲ್ಲಿರ್ತಾಳೆ, ಹಾಲು ಉಕ್ಕಿದ್ರೂ ಗೊತ್ತಾಗೂದಿಲ್ಲ ಎಂದು ನಗುನಗುತ್ತಲೇ ಹೇಳುತ್ತಿದ್ದ. ಮೂರು ಸಂಬಂಧಗಳು ಹಾಗೆಯೇ ಹಿಂದೆ ಹೋದವು. ಅಮ್ಮ ಪುಷ್ಪಾವತಿ ಒಂದು ದಿನ ಧೈರ್ಯ ಮಾಡಿ, "ಬಂದವರಿಗೆಲ್ಲ ಅದನ್ನೇ ಹೇಳ್ಬೇಕಾ?" ಎಂದು ಕೇಳಿದ್ದಕ್ಕೆ ಅವಳ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ಅಮ್ಮ ಐವತ್ತೆರಡಕ್ಕೆ ತೀರಿಕೊಂಡಳು. ತಮ್ಮ ರಂಜನ್ ಓದಿ, ಕೆಲಸ ಹಿಡಿದು, ಅಶ್ಮಿತಾಳನ್ನು ಮದುವೆಯಾಗಿ ಐರೋಲಿಗೆ ಹೋದ. ಸತ್ಯಭಾಮಾ ಅಪ್ಪಯ್ಯನ ಪಾಲಿಗೆ ಉಳಿದಳು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದ ಅಪ್ಪಯ್ಯ ಬಚ್ಚಲಿನಲ್ಲೇ ಕುಸಿದು ಬಿದ್ದ. ಲಕ್ವ ಹೊಡೆದಿತ್ತು. ಎಪ್ಪತ್ತೆಂಟು ವರ್ಷದ ಮುದುಕ ಬದುಕಿ ಮನೆಗೇನೋ ಬಂದ. ಆದರೆ ಬಲಗೈ ಬಲಗಾಲು ಹೋಗಿದ್ದವು. ಅದಕ್ಕಿಂತ ಹೆಚ್ಚಾಗಿ ಮಾತು ಹೋಗಿತ್ತು. ಕೇಳಿದ್ದು ಅರ್ಧ ತಿಳಿಯುತ್ತಿತ್ತು, ಹೇಳಲು ಹೋದರೆ ಬಾಯಿಂದ ಬರೀ ಗಾಳಿ ಬರುತ್ತಿತ್ತು. ಹಗಲಿಗೆ ನೋಡಿಕೊಳ್ಳಲು ಕೆಲಸದ ಹೆಂಗಸೊಬ್ಬಳು ಬರತೊಡಗಿದಳು. ವಾರಕ್ಕೆರಡು ಸಂಜೆ ಮಾತು ಕಲಿಸಲು ವೈಶಾಲಿ ಬರುತ್ತಿದ್ದಳು. ಕಲ್ಯಾಣದಲ್ಲಿ ಬೆಳೆದ ಬಾಗಲಕೋಟೆಯವರ ಹುಡುಗಿ, ಚುರುಕು.

"ಅಕ್ಕಾರ, ಅಜ್ಜಾರಿಗೆ ದಿನಾ ಪುಸ್ತಕ ಓದಿ ಹೇಳ್ರಿ," ಎಂದಳು ವೈಶಾಲಿ. "ಪೇಪರ್ ಬ್ಯಾಡ. ಕಥಿ ಇರಬೇಕು, ಮುಂದೇನಾಗ್ತದ ಅನ್ನೋದು ಬೇಕು. ಮೂರು ವರ್ಷದ ಕೂಸಿನ ಪುಸ್ತಕದಿಂದ ಶುರು ಮಾಡ್ರಿ. ಆಮ್ಯಾಲೆ ಆರು ವರ್ಷದ್ದು, ಹತ್ತು ವರ್ಷದ್ದು. ಹಂಗ ಮ್ಯಾಲ ಹತ್ತೂದು."

ಸತ್ಯಭಾಮಾ ಒಲೆಯ ಕಡೆ ತಿರುಗಿ ನಿಂತಳು. ತನಗೆ ನಗು ಬರುತ್ತಿದೆ ಎನ್ನುವುದು ವೈಶಾಲಿಗೆ ಕಾಣಬಾರದೆಂದು.

ಊರಿನ ಕನ್ನಡದವರ ಸಂಘವೊಂದಕ್ಕೆ ಒಂದು ಕೋಣೆಯಿತ್ತು. ಅಲ್ಲಿ ನಾಲ್ಕು ಕಪಾಟು ಪುಸ್ತಕ. ಭಾನುವಾರ ಮಾತ್ರ ಬೀಗ ತೆಗೆಯುತ್ತಿದ್ದರು. ನೋಡಿಕೊಳ್ಳುತ್ತಿದ್ದವರು ರೈಲ್ವೆಯಿಂದ ನಿವೃತ್ತರಾದ ಜಟ್ಟೆಪ್ಪ ಎಂಬವರು.

"ಸಣ್ಣ ಮಕ್ಕಳ ಪುಸ್ತಕ ಬೇಕಿತ್ತು," ಎಂದಳು ಸತ್ಯಭಾಮಾ.

"ಕೂಸಿನ ವಯಸ್ಸೆಷ್ಟ್ರೀ?"

"ಎಪ್ಪತ್ತೆಂಟು."

ಜಟ್ಟೆಪ್ಪ ಕನ್ನಡಕದ ಮೇಲಿಂದ ನೋಡಿದರು. ವಿಷಯ ತಿಳಿದ ಮೇಲೆ ಕೆಳಗಿನ ಖಾನೆಗೆ ಬಗ್ಗಿ ಮೂರು ಪುಸ್ತಕ ತೆಗೆದುಕೊಟ್ಟರು. ಮೂವತ್ತೈದು ವರ್ಷಗಳ ಮೇಲೆ ಅವಳ ಕೈಗೆ ಕಥೆ ಪುಸ್ತಕ ಬಂದದ್ದು ಹೀಗೆ.

ಮೊದಲನೆಯದು, ಚಪ್ಪಲಿ ಕಳೆದುಕೊಂಡ ಏಡಿಯ ಕಥೆ. ಏಡಿಗೆ ಹತ್ತು ಕಾಲು, ಒಂಬತ್ತು ಚಪ್ಪಲಿ. ಪುಟಕ್ಕೊಂದು ಸಾಲು. ಅಪ್ಪಯ್ಯ ಚಿತ್ರ ನೋಡಿದ, ಮಗಳ ಮುಖ ನೋಡಿದ. ಅವನಿಗೆ ಎಲ್ಲ ತಿಳಿಯಿತು. ಎಡಗೈಯಿಂದ ಪುಸ್ತಕ ತಳ್ಳಿ ಗೋಡೆಗೆ ಮುಖ ಮಾಡಿದ. ಕಣ್ಣಲ್ಲಿ ನೀರು ಬಂದಿತ್ತು. ಹೋಟೆಲಿನ ಮಂದಿ ಆ ಕಣ್ಣೀರು ನೋಡಿದ್ದರೆ ನಂಬುತ್ತಿರಲಿಲ್ಲ.

ಸತ್ಯಭಾಮಾ ಪುಸ್ತಕ ಎತ್ತಿಕೊಂಡು ಮತ್ತೆ ಅವನ ಮುಖದೆದುರು ಹಿಡಿದಳು. ಇನ್ನೊಂದು ಕೈಯಲ್ಲಿ ಗಂಜಿಯ ಚಮಚ. "ಏಡಿ. ಹೇಳಿ ಅಪ್ಪಯ್ಯ, ಏಡಿ." ಅವನು ಬಾಯಿ ತೆರೆದ, ಚಮಚ ದೂರ ಹೋಯಿತು. "ಮೊದಲು ಹೇಳಿ." ಗಂಜಿ ತಣ್ಣಗಾಗುವವರೆಗೆ ಹೀಗೇ ನಡೆಯಿತು. ಕೊನೆಗೆ "ಏ" ಎಂದ. ಒಂದು ಚಮಚ ಸಿಕ್ಕಿತು. ಮುಂದಿನ ವಾರ ವೈಶಾಲಿ ಬಂದು, ಏಡಿಯ ಚಿತ್ರ ತೋರಿಸಿದಾಗ ಅಜ್ಜ ಪೂರಾ ಹೆಸರು ಹೇಳಿದ್ದು ಕೇಳಿ ಚಪ್ಪಾಳೆ ತಟ್ಟಿದಳು. "ಭಾರಿ ಮಾಡೀರಿ ಅಕ್ಕಾರ! ಹೆಂಗ ಮಾಡಿಸಿದ್ರಿ?"

"ಪ್ರೀತಿಯಿಂದ ಹೇಳಿದ್ರೆ ಕೇಳ್ತಾರೆ," ಎಂದಳು ಸತ್ಯಭಾಮಾ.

ವಿಚಿತ್ರವೆಂದರೆ, ಕಥೆ ಅವಳನ್ನೇ ಮೊದಲು ಹಿಡಿಯಿತು. ಆರು ವರ್ಷದವರ ಪುಸ್ತಕದಲ್ಲಿ ಮೋಡಗಳಿಗೆ ಕ್ಷೌರ ಮಾಡುವ ನರಿಯೊಂದಿತ್ತು. ಹತ್ತು ವರ್ಷದವರ ಪುಸ್ತಕದಲ್ಲಿ, ಸತ್ತ ಮೇಲೂ ಡ್ಯೂಟಿ ಬಿಡದ ಗೇಟ್‌ಮನ್ನನ ದೆವ್ವ. ಭಾನುವಾರ ತಂದದ್ದು ಬುಧವಾರದೊಳಗೆ ಮುಗಿಯುತ್ತಿತ್ತು. ಎಂಟು ಹದಿನೇಳರ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ, ಒಂದು ಕೈ ಹಿಡಿಗೆ ಕೊಟ್ಟು ನಿಂತುಕೊಂಡೇ ಓದುತ್ತಿದ್ದಳು. ದಿನದ ಗೆಳತಿಯರು ಬಗ್ಗಿ ನೋಡಿ, "ಅಯ್ಯೋ, ಚಿತ್ರದ ಪುಸ್ತಕ!" ಎಂದು ನಕ್ಕರೆ ಅವಳೂ ನಗುತ್ತಿದ್ದಳು, ಪುಟ ತಿರುವುತ್ತಿದ್ದಳು. ಜಟ್ಟೆಪ್ಪ ಕೆಳಗಿನ ಖಾನೆಯಿಂದ ನಡುವಿನ ಖಾನೆಗೆ ಬಂದರು. ಪತ್ತೇದಾರಿ ಕೊಟ್ಟರು, ಚಂದ್ರನ ಮೇಲೆ ಊರು ಕಟ್ಟಿದವರ ಕಥೆ ಕೊಟ್ಟರು. "ದೊಡ್ಡವರ ಪುಸ್ತಕ ಒಯ್ರಿ ಇನ್ನ," ಎಂದರೆ ಅವಳು, "ಇಲ್ಲ, ಸರದಿ ಪ್ರಕಾರ ಹೋಗುವ," ಎನ್ನುತ್ತಿದ್ದಳು. ತಪ್ಪಿಹೋದ ಒಂದು ವರ್ಷವನ್ನೂ ಬಿಡುವ ಮನಸ್ಸು ಅವಳಿಗಿರಲಿಲ್ಲ.

ಅಪ್ಪಯ್ಯನೂ ಸೋತ. ಸಂಜೆ ಏಳಾದರೆ ಬಾಗಿಲು ನೋಡತೊಡಗಿದ. ಅವಳು ಕೈಕಾಲು ತೊಳೆದು ಪುಸ್ತಕ ಹಿಡಿದರೆ ಅವನ ಸೊಟ್ಟ ಬಾಯಿ ತುಸು ನೆಟ್ಟಗಾಗುತ್ತಿತ್ತು. ಗೇಟ್‌ಮನ್ನನ ದೆವ್ವ ಹಳಿಯ ಮೇಲೆ ಕೆಂಪು ಲಾಟೀನು ಹಿಡಿದು ನಿಂತ ಕಡೆ ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. ಅಪ್ಪಯ್ಯನ ಗಂಟಲಿನಿಂದ ಯಾರೂ ಕಲಿಸದ ಒಂದು ಶಬ್ದ ಸ್ಪಷ್ಟವಾಗಿ ಹೊರಬಿತ್ತು.

"ಮತ್ತೆ?"

ಸತ್ಯಭಾಮಾ ಅವನ ಮುಖವನ್ನೇ ನೋಡಿದಳು. ಎಪ್ಪತ್ತೆಂಟು ವರ್ಷದ ಆ ಮುಖದಲ್ಲಿ ಆಸೆಯೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ಅವಳು ಪುಸ್ತಕ ಮುಚ್ಚಿದಳು.

"ಮತ್ತೆ ಎಂಥದ್ದೂ ಇಲ್ಲ," ಎಂದಳು.

ಅವನು ಎಡಗೈಯಿಂದ ಹಾಸಿಗೆ ಬಡಿದ. "ಮತ್ತೆ! ಮತ್ತೆ!" ಅವಳು ಕುರ್ಚಿಯನ್ನು ಅವನಿಗೆ ಕಾಣುವ ಹಾಗೆ ಎಳೆದುಕೊಂಡು ಕೂತು, ಉಳಿದ ಹನ್ನೆರಡು ಪುಟಗಳನ್ನು ಮನಸ್ಸಿನಲ್ಲೇ ಓದಿಕೊಂಡಳು. ಒಂದು ಕಡೆ ನಕ್ಕಳು. ಒಂದು ಕಡೆ ಹುಬ್ಬೇರಿಸಿದಳು. ಕೊನೆಗೆ ನಿಟ್ಟುಸಿರು ಬಿಟ್ಟು ಪುಸ್ತಕವನ್ನು ಚೀಲಕ್ಕೆ ಹಾಕಿ ಅನ್ನಕ್ಕಿಟ್ಟಳು.

ಅಂದಿನಿಂದ ಅದೇ ರೂಢಿಯಾಯಿತು. ಹದಿನಾಲ್ಕು ತಿಂಗಳಲ್ಲಿ ಅವಳು ಅವನಿಗೆ ಐವತ್ತಕ್ಕೂ ಹೆಚ್ಚು ಪುಸ್ತಕ ಓದಿದಳು. ಒಂದರ ಕೊನೆಯನ್ನೂ ಹೇಳಲಿಲ್ಲ. ಎಲ್ಲಿ ನಿಲ್ಲಿಸಿದರೆ ಹೆಚ್ಚು ನೋಯುತ್ತದೆ ಎಂದು ರೈಲಿನಲ್ಲೇ ಗುರುತು ಹಾಕಿಕೊಳ್ಳತೊಡಗಿದಳು.

ಒಂದು ಪುಸ್ತಕ ಹದಿಮೂರು ಹದಿನಾಲ್ಕು ವರ್ಷದವರದ್ದು. ಉಪ್ಪಿನ ಗದ್ದೆಗಳ ಊರೊಂದರಲ್ಲಿ ಬಿಸಿಲು, ಗಾಳಿ, ಮಂಜನ್ನು ಬಾಟಲಿಯಲ್ಲಿ ತುಂಬಿ ಮಾರುವ ಹುಡುಗಿ. ಊರಿನ ಮಳೆಗಾಲವನ್ನು ಯಾರೋ ಕದ್ದಿದ್ದಾರೆ, ಅದನ್ನು ತರಲು ಅವಳೊಬ್ಬಳೇ ದೋಣಿ ಹತ್ತುತ್ತಾಳೆ. ನಡುಕಡಲಿನಲ್ಲಿ ದೋಣಿ ಒಡೆಯುವಲ್ಲಿಗೆ ಸತ್ಯಭಾಮಾ ನಿಲ್ಲಿಸಿದ್ದಳು. ಆ ವಾರ ವೈಶಾಲಿ ಬಂದವಳು, "ಅಜ್ಜಾರ, ಈ ಸಲದ ಕಥಿ ನೀವ ಹೇಳ್ರಿ," ಎಂದು ಕೂತಳು.

ಅಪ್ಪಯ್ಯ ಬೆವರಿದ. ಒಂದೊಂದು ಮಾತಿಗೂ ಎಡಗೈ ಗಾಳಿಯಲ್ಲಿ ತಡಕಾಡಿತು. "ಹುಡುಗಿ... ಬಾಟ್ಲಿ... ದೋಣಿ." ಅಲ್ಲಿಗೆ ನಿಂತು ಮಗಳ ಕಡೆ ನೋಡಿದ. ಅವನು ಬಹಳ ಹೊತ್ತು ಯೋಚಿಸಿ ಹೇಳಿದ: "ಹುಡುಗಿ... ನೀರು. ಹೋಯ್ತು. ಸತ್ತು... ಹೋಯ್ತು."

ಜೀವಮಾನವಿಡೀ ಸುಳ್ಳು ಕಥೆಗೆ ನಕ್ಕವನು ಐದು ದಿನದಿಂದ ಒಳಗೊಳಗೇ ಒಂದು ಕೊನೆ ಕಟ್ಟಿದ್ದ. ಅದು ಸುಳ್ಳಾಗಲಿ ಎಂದು ಅವನ ಕಣ್ಣು ಬೇಡುತ್ತಿತ್ತು.

"ಕರೆಕ್ಟ್ ಏನ್ರಿ ಅಕ್ಕಾರ?" ಎಂದು ಕೇಳಿದಳು ವೈಶಾಲಿ.

ಪುಸ್ತಕದಲ್ಲಿ ಹುಡುಗಿ ಒಡೆದ ದೋಣಿಯ ಹಲಗೆಯ ಮೇಲೆ ತೇಲಿಕೊಂಡು, ಬೆನ್ನ ಹಿಂದೆ ಇಡೀ ಮಳೆಗಾಲವನ್ನು ಕರೆದುಕೊಂಡು ಊರಿಗೆ ಬರುತ್ತಾಳೆ. ಸತ್ಯಭಾಮಾ ಅದನ್ನು ರೈಲು ಮುಂಬ್ರಾ ದಾಟುವಾಗ ಓದಿ ಕಣ್ಣೊರೆಸಿಕೊಂಡಿದ್ದಳು.

"ಹೌದು," ಎಂದಳು. "ಹಾಗೇ ಉಂಟು. ಸಾಯ್ತಾಳೆ."

ವೈಶಾಲಿ ಬಹಳ ಖುಷಿಪಟ್ಟು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಪ್ಪಯ್ಯ ಅಂದು ಗಂಜಿ ಮುಟ್ಟಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಬಿಲ್ಡಿಂಗು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ಸತ್ಯಭಾಮಾ ಟಿಟ್ವಾಳಾದಲ್ಲಿ ಬಾಡಿಗೆಗೆ ಒಂದು ರೂಮು ನೋಡಿದಳು. ನಾಲ್ಕು ಮಾಳಿಗೆ, ಲಿಫ್ಟಿಲ್ಲ. ಆಫೀಸಿಗೆ ಹೋಗಿಬರುವುದರಲ್ಲೇ ದಿನ ಮುಗಿಯುತ್ತದೆ. ಅಪ್ಪಯ್ಯನನ್ನು ಅಷ್ಟು ದಿನ ತಾನು ಇಟ್ಟುಕೊಳ್ಳುವುದಾಗಿ ರಂಜನ್ ಹೇಳಿದ. ಅಪ್ಪಯ್ಯನ ಔಷಧಿ, ಸ್ನಾನ, ಊಟ ಎಲ್ಲವನ್ನೂ ಅವಳು ಎರಡು ಪುಟ ತುಂಬ ಬರೆದುಕೊಟ್ಟಳು. ಕೂರಿಸಿಯೇ ಉಣಿಸಬೇಕು, ಗಂಜಿ ದಪ್ಪ ಇರಬೇಕು, ಚಮಚ ಸಣ್ಣದಿರಬೇಕು, ನುಂಗಿದ್ದು ನೋಡಿಯೇ ಇನ್ನೊಂದು ಕೊಡಬೇಕು. ಕಥೆಯ ಬಗ್ಗೆ ಒಂದಕ್ಷರ ಬರೆಯಲಿಲ್ಲ.

ಹತ್ತು ದಿನ ಬಿಟ್ಟು ರಂಜನ್ ಫೋನು ಮಾಡಿದ. "ಅಕ್ಕ, ಅಪ್ಪಯ್ಯನಿಗೆ ಇಲ್ಲಿ ಹಸಿವು ಜಾಸ್ತಿಯಾಗಿದೆ ಮಾರಾಯ್ತಿ. ಉಂಡು ಮುಗಿದ್ರೂ 'ಮತ್ತೆ, ಮತ್ತೆ' ಅಂತ ಕೂಗ್ತಾರೆ. ಅಶ್ಮಿತಾ ಹಾಕ್ತಾನೇ ಇರ್ತಾಳೆ. ಅಲ್ಲೂ ಹೀಗೇ ಇತ್ತಾ?"

ಸತ್ಯಭಾಮಾ ಟಿಟ್ವಾಳಾ ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ನಿಂತಿದ್ದಳು. ಹೇಳುವುದಕ್ಕೆ ಒಂದೇ ವಾಕ್ಯ ಸಾಕಿತ್ತು. ಆದರೆ ಅದನ್ನು ಹೇಳಿದರೆ, ಯಾವ ಕಥೆ, ಎಲ್ಲಿಗೆ ನಿಂತಿದೆ, ಯಾಕೆ ನಿಂತಿದೆ ಎನ್ನುವುದೆಲ್ಲ ಹೊರಗೆ ಬರುತ್ತಿತ್ತು. ಅವಳು, "ಹೂಂ," ಎಂದಳು.

ಮಾರನೇ ದಿನ ಅಶ್ಮಿತಾ ವಿಡಿಯೋ ಕಳಿಸಿದಳು. 'ನೋಡಿ ಅತ್ತಿಗೆ, ಎಷ್ಟು ಚೆಂದ ಊಟ ಮಾಡ್ತಾರೆ.' ಅಪ್ಪಯ್ಯನನ್ನು ದಿಂಬಿಗೆ ಒರಗಿಸಿದ್ದರು. ಅವನು, "ಮತ್ತೆ," ಎಂದ. ಸಾಂಬಾರಿನಲ್ಲಿ ನೆನೆಸಿದ ಇಡ್ಲಿಯ ದೊಡ್ಡ ಚಮಚ ಬಾಯಿಗೆ ಹೋಯಿತು. ಅವನು ತಲೆಯಾಡಿಸಿ, ನುಂಗದೇ ಇದ್ದುದರ ಸಂದಿಯಿಂದಲೇ, "ಮತ್ತೆ..." ಎಂದ. ಅವಳ ಒಂಬತ್ತು ವರ್ಷದ ಮಗಳು ದಿಶಾ ಪಕ್ಕದಿಂದ ನಗುತ್ತ ಕೂಗಿದಳು: "ಮಮ್ಮಾ, ಅಜ್ಜ ಕೋ ಔರ್ ಚಾಹಿಯೇ! ಇನ್ನೂ ಬೇಕಂತೆ!" ಇನ್ನೊಂದು ಚಮಚ ಹೋಯಿತು. ಅವನ ಕಣ್ಣು ಕ್ಯಾಮೆರಾದ ಆಚೆ ಬಾಗಿಲಿನ ಕಡೆ ಇತ್ತು.

ಸತ್ಯಭಾಮಾ ಅದನ್ನು ಎರಡು ಸಲ ನೋಡಿದಳು. ದಿಂಬಿಗೆ ಒರಗಿಸಬಾರದು, ಚಮಚ ದೊಡ್ಡದಾಯಿತು ಎಂದು ಬರೆದು, ಕಳಿಸದೇ ಅಳಿಸಿದಳು. ಬೆರಳು ಇಮೋಜಿಯೊಂದನ್ನು ಒತ್ತಿತು: ಮುಗಿದ ಎರಡು ಕೈ.

ಅದಾದ ಆರನೇ ದಿನ ಅನ್ನ ಶ್ವಾಸಕ್ಕೆ ಹೋಗಿ ಅಪ್ಪಯ್ಯನಿಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಎದೆಯ ತುಂಬ ಕಫ ಎಂದರು. ಅವಳು ಹೋಗುವಾಗ ಮುಖಕ್ಕೆ ಆಕ್ಸಿಜನ್ ಹಾಕಿದ್ದರು. ಮಗಳನ್ನು ಕಂಡದ್ದೇ ಅವನ ಎಡಗೈ ಚಾದರದ ಮೇಲೆ ಎದ್ದಿತು. ಅವಳ ಚೀಲದಲ್ಲಿ ಪುಸ್ತಕವಿತ್ತು. ನರ್ಸು, "ಮಾತಾಡ್ಸಿ, ಕೇಳಿಸ್ತದೆ ಅವರಿಗೆ," ಎಂದಳು. ಸತ್ಯಭಾಮಾ ಬಹಳ ಹೊತ್ತು ಕೂತಿದ್ದಳು. ಏನೂ ಹೇಳದೆ ಎದ್ದು ಬಂದಳು. ಸಂಜೆ ಐದಕ್ಕೆ ಅವನು ತೀರಿಕೊಂಡ.

ಹದಿಮೂರನೇ ದಿನ ನೆಂಟರೆಲ್ಲ ಐರೋಲಿಯಲ್ಲಿ ಸೇರಿದರು. ಕೊನೆಗಾಲದಲ್ಲಿ ತಂದೆಗೆ ಇಷ್ಟಪಟ್ಟದ್ದನ್ನು ಉಣಿಸಿ ಕಳಿಸಿದ ಪುಣ್ಯ ಅಶ್ಮಿತಾಳದ್ದು ಎಂದು ಎಲ್ಲರೂ ಹೊಗಳಿದರು. ಅಶ್ಮಿತಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಕಲ್ಯಾಣದಿಂದ ಬಂದಿದ್ದ ವೈಶಾಲಿ ಸತ್ಯಭಾಮಾಳ ಕೈ ಹಿಡಿದು, "ನಿಮ್ಮಂಥಾ ಮಗಳನ್ನ ನಾ ನೋಡೇ ಇಲ್ರೀ ಅಕ್ಕಾರ. ಬ್ಯಾರೇ ಮನ್ಯಾಗ ನಿಮ್ಮ ಹೆಸರ ಹೇಳ್ತೀನಿ ನಾನು," ಎಂದಳು. ಸತ್ಯಭಾಮಾ ಕೈ ಬಿಡಿಸಿಕೊಂಡು ಎದ್ದಳು. ಪಂಕ್ತಿಯಲ್ಲಿ ಪಾಯಸ ಬಡಿಸಿದಳು. ಯಾರ್ಯಾರಿಗೆ ಬೇಕೆಂದು ಕೇಳಿ ಎರಡನೇ ಸಲವೂ ಬಡಿಸಿದಳು.

ಈಗ ಅವಳು ಟಿಟ್ವಾಳಾದಿಂದ ಕಿಟಕಿಯ ಸೀಟು ಹಿಡಿದು ಬರುತ್ತಾಳೆ. ಸಂಘದ ನಾಲ್ಕು ಕಪಾಟು ಮುಗಿಯುತ್ತ ಬಂದಿದೆ. ಮಕ್ಕಳದ್ದು ದಾಟಿ, ದೊಡ್ಡವರ ಭೂತ, ಗ್ರಹ, ರಾಜಕುಮಾರಿಯರನ್ನೂ ದಾಟಿದ್ದಾಳೆ. ಮರಾಠಿಯವನ್ನೂ ತರಿಸಿ ಓದುತ್ತಾಳೆ. ಪಕ್ಕದಲ್ಲಿ ಕೂತವರು ಪುಸ್ತಕ ಹೇಗಿದೆ ಎಂದು ಕೇಳಿದರೆ, ಚೆನ್ನಾಗಿದೆ ಎನ್ನುತ್ತಾಳೆ. ನಿಜವಾಗಿಯೂ ಚೆನ್ನಾಗಿರುತ್ತದೆ.