ಎರಡೂಮುಕ್ಕಾಲು ಗಂಟೆಯ ದಿಲ್ಲಿ

ದಿಲ್ಲಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎರಡೂಮುಕ್ಕಾಲು ಗಂಟೆ. ಮದುವೆಯಾಗಿ ತುಮಕೂರು ಬಿಟ್ಟಾಗಿನಿಂದ ಈ ಲೆಕ್ಕವನ್ನು ಅಮ್ಮನಿಗೆ ಗಿಳಿಪಾಠದಂತೆ ಒಪ್ಪಿಸುತ್ತಿದ್ದೆ. "ಗುಬ್ಬಿಗೆ ಹೋಗಿ ಬರೋಷ್ಟು ಹೊತ್ತು ಅಷ್ಟೇ ಅಮ್ಮೀ, ನೀನು ಕರೆದ್ರೆ ಬಂದ್ಬಿಡ್ತೀನಿ." ಅಮ್ಮ ವಿಮಾನ ಹತ್ತಿದವಳಲ್ಲ. ನಂಬಿದಳು. ಮಗಳು ಗುಬ್ಬಿಯಷ್ಟೇ ದೂರದಲ್ಲಿದ್ದಾಳೆ ಎಂದು ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಓಡಾಡಿದಳು.

ಅವಳಿಗಿದ್ದದ್ದು ಒಂದೇ ಹಟ. ಹೆಂಗಸು ಸತ್ತರೆ ಮೈ ತೊಳೆಯುವವರು ಹೆಂಗಸರೇ. ತನ್ನನ್ನು ಮಾತ್ರ ಹೆಣ್ಣುಮಕ್ಕಳಿಬ್ಬರೇ ತೊಳೆಯಬೇಕು, ಹೊರಗಿನವರ ಕೈ ತಾಗಬಾರದು. ನಮ್ಮ ಕಡೆ ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಮುಟ್ಟಿದ್ದೇ ಕೊನೆಯದು.

ಕಳೆದ ವರ್ಷ ಬೆಳಗಿನ ನಮಾಜಿಗೆಂದು ಎದ್ದ ಅಮ್ಮ ಅಲ್ಲೇ ಕುಸಿದು ತೀರಿಕೊಂಡಳು. ತಮ್ಮ ಫೋನ್ ಮಾಡಿದಾಗ, ಅಳುವುದಕ್ಕೂ ಮುಂಚೆ ನನ್ನ ಬಾಯಿಗೆ ಬಂದದ್ದು ಅದೇ ಲೆಕ್ಕ. "ಎರಡೂಮುಕ್ಕಾಲು ಗಂಟೆ ಕಣೋ. ಮಧ್ಯಾಹ್ನದ ನಮಾಜಿನೊಳಗೆ ಮನೇಲಿರ್ತೀನಿ. ಕಾಯ್ರಿ." ಕುಣಿಗಲ್ಲಿನಲ್ಲಿರುವ ಅಕ್ಕ, ನಮ್ಮ ಆಪಾ, ಬಸ್ಸಿನಲ್ಲಿ ಬಂದು, ನೀರು ಕಾಯಿಸಿಟ್ಟು ಕೂತಳು. ಮಸೀದಿಯ ಜಮಾತಿನ ಹಿರಿಯರೂ ಕಾಯಲು ಒಪ್ಪಿದರು.

ನಾನು ಲೆಕ್ಕ ಹಾಕಿದ್ದು ಆಕಾಶವನ್ನಷ್ಟೇ. ಮೊದಲ ವಿಮಾನಕ್ಕೆ ಟಿಕೆಟ್ ಸಿಗಲಿಲ್ಲ. ದಿಲ್ಲಿಯ ಟ್ರಾಫಿಕ್ಕು, ತಪಾಸಣೆಯ ಸಾಲು, ಯಾವುದೂ ನೆನಪಿಗೆ ಬಂದಿರಲಿಲ್ಲ. ದೇವನಹಳ್ಳಿಯಲ್ಲಿ ಇಳಿಯುವಾಗಲೇ ಮಧ್ಯಾಹ್ನದ ನಮಾಜು ಮುಗಿದು, ಮಣ್ಣು ಮಾಡುವುದು ಸಂಜೆಯ ಅಸರ್ ನಮಾಜಿನ ನಂತರಕ್ಕೆ ಹೋಗಿತ್ತು. ದಾಬಸ್‌ಪೇಟೆ ಹತ್ತಿರ ಲಾರಿಗಳ ಹಿಂದೆ ಕಾರು ನಿಂತೇಬಿಟ್ಟಿತು. "ಇದೊಂದು ದಾಟುದ್ರೆ ಆಯ್ತು ಬುಡಿ ಅಕ್ಕಾ," ಎಂದ ಡ್ರೈವರ್. ಅವನ ಮೇಲೆ ರೇಗಿದೆ. ಪಾಪ, ಅವನೇನು ಮಾಡಿಯಾನು.

ತಮ್ಮನ ಫೋನ್ ಬಂತು. ಎಲ್ಲಿದ್ದೀಯಾ ಎಂದ. ಸತ್ತವರನ್ನು ಕಾಯಿಸಬಾರದು ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ; ಅಮ್ಮನನ್ನು ಕಾಯಿಸುತ್ತಿದ್ದವಳು ನಾನೇ. "ಮೈ ತೊಳೆಯೋಕೆ ಶುರು ಮಾಡು ಅಂತ ಆಪಾಗೆ ಹೇಳು," ಎಂದೆ. ಹೇಳಿ, ಫೋನನ್ನು ಎದೆಗೆ ಅವುಚಿಕೊಂಡು ಅತ್ತೆ.

ಮನೆಯ ಮುಂದೆ ಜನಾಜಾಕ್ಕೆ ಹೆಗಲು ಕೊಡಲು ಗಂಡಸರು ನಿಂತಿದ್ದರು. ಒಳಗೆ ಸ್ನಾನ ಮುಗಿದು, ಅಮ್ಮನನ್ನು ಕಫನಿನ ಬಟ್ಟೆಯ ಮೇಲೆ ಮಲಗಿಸಿದ್ದರು. ಹೆಂಗಸಿನ ಕೂದಲನ್ನು ಎರಡು ಜಡೆ ಮಾಡಿ ಎದೆಯ ಮೇಲಿಡುವುದು ನಮ್ಮಲ್ಲಿ ಪದ್ಧತಿ. ಬಲಗಡೆಯ ಜಡೆ ಆಗಿತ್ತು. ಎಡಗಡೆಯ ಒದ್ದೆ ಕೂದಲನ್ನು ಅಕ್ಕ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಹೊತ್ತಾಯಿತು ಎಂದು ಸುತ್ತಲಿನ ಹೆಂಗಸರು ಎಷ್ಟು ಗೊಣಗಿದರೂ ಅವಳು ಬಿಟ್ಟಿರಲಿಲ್ಲ.

"ಇದು ನಿಂದು ಕಣೇ. ಕೈಕಾಲು ತೊಳ್ಕೊಂಡ್ ಬಾ," ಎಂದಳು.

ಕೂತು ಹೆಣೆದೆ. ಅಮ್ಮನ ಕೂದಲು ಇಷ್ಟು ಉದುರಿಹೋಗಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ನೋಡನೋಡುತ್ತಲೇ ಜಡೆ ಮುಗಿದುಹೋಯಿತು. ಬಿಚ್ಚಿ ಇನ್ನೊಂದು ಸಲ ಹೆಣೆಯಲಾ ಎಂದು ಅಕ್ಕನನ್ನು ಕೇಳಿದೆ.