ಮೇಡಂಗೆ ಹಿಡಿದ ಸೀಟು

ನಮ್ಮ ಕಾಲೇಜಿನಲ್ಲಿ ಒಬ್ಬೊಬ್ಬ ಅಧ್ಯಾಪಕರ ಪಾಲಿಗೂ ಒಂದಷ್ಟು ಹುಡುಗ ಹುಡುಗಿಯರನ್ನು ಹಂಚಿ, ಆ ಅಧ್ಯಾಪಕರಿಗೆ ‘ಮೆಂಟರ್’ ಎಂದು ಹೆಸರಿಟ್ಟಿದ್ದರು. ತಿಂಗಳಿಗೊಮ್ಮೆ ಹೋಗಿ ಕಷ್ಟಸುಖ ಹೇಳಿಕೊಂಡು ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳಬೇಕು. ಕಷ್ಟದ ಕಾಲಂನಲ್ಲಿ ಎಲ್ಲರೂ ‘ಇಲ್ಲ’ ಎಂದು ಬರೆಯುತ್ತಿದ್ದೆವು. ಸುಖಕ್ಕೊಂದು ಕಾಲಂ ಇತ್ತೋ ಇಲ್ಲವೋ, ಈಗ ನೆನಪಿಲ್ಲ.

ನನ್ನ ಪಾಲಿಗೆ ಬಂದವರು ಚರಿತ್ರೆಯ ಮೇಡಂ. ದಿನವೂ ತರೀಕೆರೆಯಿಂದ ಕಡೂರಿಗೆ ಬಸ್ಸಿನಲ್ಲಿ ಬರುವವರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೊಲಗಳ ಹೆಸರು ಸಂಗ್ರಹಿಸುತ್ತೇನೆ ಎಂದಾಗ ಮೊದಲ ಸಲ ಹಾಳೆಯಿಂದ ತಲೆಯೆತ್ತಿ ನನ್ನ ಮುಖ ನೋಡಿದರು.

“ಕಾಲೇಜಲ್ಲಿ ನಂಗೆ ಪುರುಸೊತ್ತಿಲ್ಲ ಕಣೇ. ಸಂಜೆ ಬಸ್ಸಲ್ಲಿ ಮಾತಾಡೋಣ. ಸೀಟು ಹಿಡೀತೀಯಾ?”

ನಾನು ಅಜ್ಜಂಪುರದವಳು. ನಮ್ಮಿಬ್ಬರ ದಾರಿ ಬೀರೂರಿನವರೆಗೆ ಮಾತ್ರ ಒಂದೇ. ಆ ಕಾಲು ಗಂಟೆಯ ಪಾಠಕ್ಕಾಗಿ ನಾನು ತರೀಕೆರೆ ಬಸ್ಸು ಹತ್ತಿ, ಬೀರೂರಿನಲ್ಲಿಳಿದು ಬೇರೆ ಬಸ್ಸು ಹಿಡಿಯುತ್ತಿದ್ದೆ. ಸೀಟು ಹಿಡಿಯುವುದೇನೂ ಸುಲಭವಲ್ಲ. ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ, ಸಂಜೆ ಹೊತ್ತು ಬಾಗಿಲಿನಿಂದ ಹತ್ತಿ ಸೀಟು ಪಡೆದವರನ್ನು ನಾನು ಕಂಡಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲ್ಲನ್ನೋ ಬ್ಯಾಗನ್ನೋ ತೂರಬೇಕು. ಅದು ಬಿದ್ದ ಸೀಟು ತೂರಿದವರದು. ಈ ಕಾನೂನನ್ನು ಕುಡಿದವರೂ ಮುರಿಯುವುದಿಲ್ಲ.

ಒಂದು ದಿನ ಮೇಡಂ ತಮ್ಮ ಹಳೆಯ ನೋಟ್‌ಬುಕ್ಕು ಕೊಟ್ಟರು. ವಿದ್ಯಾರ್ಥಿನಿಯಾಗಿದ್ದಾಗ ತರೀಕೆರೆ ಸುತ್ತ ಅಲೆದು ಬರೆದುಕೊಂಡ ಹೊಲಗಳ ಹೆಸರುಗಳು. ಹೇಳಿದ ಅಜ್ಜಿಯರು ಯಾರೂ ಈಗ ಇಲ್ಲ. “ಇನ್ನೊಂದು ಪ್ರತಿ ಇಲ್ಲ, ಜೋಪಾನ” ಎಂದರು. ಮೂರನೆಯ ದಿನವೇ ನಾನು ಅದನ್ನು ಬಸ್ಸಿನ ಕಿಟಕಿಯೊಳಕ್ಕೆ ತೂರಿದೆ.

ಗುರಿ ಚೆನ್ನಾಗಿಯೇ ಇತ್ತು. ಬಸ್ಸಿಗೆ ತರೀಕೆರೆ ಬೋರ್ಡೂ ಇತ್ತು. ಆದರೆ ಅದು ತರೀಕೆರೆಯಿಂದ ಬಂದ ಬಸ್ಸು, ಹೋಗುವುದು ಪಂಚನಹಳ್ಳಿಗೆ. ಬೋರ್ಡು ಬದಲಾದದ್ದು ನಾನು ಬಾಗಿಲ ಬಳಿ ಜನರ ಮೊಣಕೈ ಏಟು ತಿನ್ನುತ್ತಿದ್ದಾಗ. ಹತ್ತಲು ಆಗುವ ಮೊದಲೇ ಬಸ್ಸು ಹೊರಟುಹೋಯಿತು.

ಮೇಡಂ ಬಂದರು. “ಸೀಟು ಹಿಡಿದ್ಯೇನೇ?”

“ಹಿಡಿದೆ ಮೇಡಂ. ಬಸ್ಸೇ ಹೋಯ್ತು.”

ಅವರು ನಕ್ಕರು. “ಹೋದ್ರೆ ಹೋಗ್ಲಿ ಬಿಡು. ಏನು ಹಾಕಿದ್ದೆ?”

ವೇಲ್ ಎಂದು ಸುಳ್ಳು ಹೇಳೋಣವೆಂದರೆ ಅದು ಕುತ್ತಿಗೆಯಲ್ಲೇ ಇತ್ತು. ನಿಜ ಹೇಳಿದೆ. ಅವರು ಪಕ್ಕದ ಸಿಮೆಂಟ್ ಬೆಂಚಿನ ಮೇಲೆ ಕೂತುಬಿಟ್ಟರು. ನನ್ನ ಕುತ್ತಿಗೆ ನೋಡಿ ಕೇಳಿದರು:

“ಆ ವೇಲ್ ಹಾಕ್ಬಾರ್ದಿತ್ತಾ?”

“ಹೊಸದು ಮೇಡಂ.”

ಇಂಥ ಉತ್ತರವನ್ನು ನಾನು ನಿಜಕ್ಕೂ ಕೊಟ್ಟೆನೇ? ಕೊಟ್ಟೆ ಎಂದು ಮೇಡಂ ಹೇಳುತ್ತಾರೆ. ಕೊಡದಿದ್ದರೆ ಚೆನ್ನಾಗಿತ್ತು ಎಂದು ನಾನು ಹೇಳುತ್ತೇನೆ.

ನಿಲ್ದಾಣದ ಕೋಣೆಯಲ್ಲಿದ್ದವರು ಕಂಡಕ್ಟರಿಗೆ ಫೋನು ಮಾಡಿದರು. ಪುಸ್ತಕ ಇದೆ, ವಾಪಸು ಬರುವಾಗ ತರುತ್ತೇನೆ ಎಂದನಂತೆ. ಎರಡು ಗಂಟೆ ಕಾಯಬೇಕು. ನೀವು ಹೋಗಿ ಮೇಡಂ ಎಂದೆ. ಅವರು ಹೋಗಲಿಲ್ಲ. ಇನ್ನು ಈ ಜನ್ಮದಲ್ಲಿ ಇವರು ನನಗೆ ಏನನ್ನೂ ಕೊಡುವುದಿಲ್ಲ, ಹೇಳಿಕೊಡುವುದೂ ಇಲ್ಲ ಎಂದುಕೊಂಡು ಅಳು ನುಂಗುತ್ತಿದ್ದೆ. ಮೇಡಂ ಕಡಲೆಕಾಯಿ ಕೊಂಡು ಅರ್ಧ ನನ್ನ ಕೈಗೆ ಸುರಿದರು.

“ಆ ಪುಸ್ತಕದಲ್ಲಿ ಒಂದು ಹೆಸರು ಸುಳ್ಳು ಕಣೇ” ಎಂದರು. “ನಮ್ಮ ಮೇಷ್ಟ್ರು ನೂರು ಬೇಕು ಅಂದಿದ್ರು. ನಂಗೆ ಸಿಕ್ಕಿದ್ದು ತೊಂಬತ್ತೊಂಬತ್ತು. ಇನ್ನೊಂದನ್ನ ಬಸ್ಸಲ್ಲಿ ಕೂತು ನಾನೇ ಕಟ್ಟಿದೆ. ಅವ್ರಿಗೆ ಗೊತ್ತಾಗ್ಲೇ ಇಲ್ಲ.”

“ಯಾವುದು ಮೇಡಂ?”

“ಹೇಳಲ್ಲ. ಹುಡುಕು.”

ಬಸ್ಸು ಬಂತು. ಕಂಡಕ್ಟರು ಪುಸ್ತಕ ಎತ್ತಿ ಹಿಡಿದು ಇಳಿದ. “ಯಾರದಮ್ಮ ಇದು? ಪಂಚನಹಳ್ಳಿ ತಂಕ ಒಬ್ರೂ ಕೂತಿಲ್ಲ ಆ ಸೀಟಲ್ಲಿ! ಎತ್ತಿದ್ರೆ ಜಗಳಕ್ಕೆ ಬತ್ತಾರೆ ಅಂತ. ಒಂದು ಅಜ್ಜಿ ಸರಸ್ವತಿ ಅಂತ ಕೈ ಮುಗ್ಕಂಡು ನಿಂತೇ ಬಂತು.” ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೆಂದರೆ, ಅಜ್ಜಿಯನ್ನು ಸೇರಿಸಿದ್ದು ಕಂಡಕ್ಟರೋ ನಾನೋ ಎಂಬುದು ಈಗ ಖಾತ್ರಿಯಿಲ್ಲ.

ಮೇಡಂ ನೋಟ್‌ಬುಕ್ಕನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡರು. “ಇನ್ಮೇಲೆ ಇದು ನಮ್ಮನೇಲಿರುತ್ತೆ. ಬೇಕಾದ್ರೆ ಭಾನುವಾರ ಬಂದು ಬರ್ಕೋ.”

ಹೋದೆ. ಅವರು ಅವರೆಕಾಯಿ ಬಿಡಿಸುತ್ತ ಕೂತರೆ ನಾನು ಎದುರಿಗೆ ಕೂತು ನಕಲು ಮಾಡಿಕೊಳ್ಳುವುದು. ವಾರಕ್ಕೊಂದು ಹೆಸರನ್ನು ಸುಳ್ಳೆಂದು ಹಿಡಿದುಕೊಂಡು ಹೋಗುತ್ತಿದ್ದೆ. ‘ಕಳ್ಳ ಮಲಗಿದ ತಾಕು’ ಖಂಡಿತ ಕಟ್ಟಿದ್ದೇ ಎಂದುಕೊಂಡಿದ್ದೆ. ಆ ಊರಿಗೆ ಹೋಗಿ ಕೇಳಿದರೆ, ಹೊಲದ ಯಜಮಾನರು ಕಳ್ಳ ತಲೆಯಿಟ್ಟ ಕಲ್ಲನ್ನೂ ತೋರಿಸಿದರು. ಮೇಡಂ ಕತ್ತೆತ್ತದೆ, “ಅದಲ್ಲ ಕಣೇ” ಎಂದರು.

ಪ್ರಾಜೆಕ್ಟು ಮುಗಿಯಿತು, ಕಾಲೇಜೂ ಮುಗಿಯಿತು. ನಾನಿನ್ನೂ ಹೋಗುತ್ತಿದ್ದೇನೆ. ಈಚೆಗೊಂದು ಅನುಮಾನ: ಸುಳ್ಳು ಹೆಸರೇ ಅದರಲ್ಲಿಲ್ಲವೇನೋ. ಅವತ್ತು ನನ್ನ ಮುಖ ನೋಡಲಾರದೆ, ಕಡಲೆಕಾಯಿಯ ಜೊತೆಗೆ ತಮ್ಮದೂ ಒಂದು ತಪ್ಪಿರಲಿ ಎಂದು ಕೊಟ್ಟರೇನೋ. ಕೇಳಿದರೆ ಹೇಳಿಯಾರು. ಆದರೆ ಕೇಳಿಬಿಟ್ಟರೆ ಭಾನುವಾರಕ್ಕೆ ನೆಪ ಬೇಕಲ್ಲ. ಈ ವಾರ ‘ಬೆಕ್ಕಿನ ದಿಣ್ಣೆ’ಯನ್ನು ಗುರುತು ಹಾಕಿಕೊಂಡಿದ್ದೇನೆ.